ಆರೋವಿಲ್‌ನಲ್ಲಿ ನಾಲ್ಕು ತಿಂಗಳು ಇಂಟರ್ನ್‌ಶಿಪ್: ಹೋಗಿ ಬಂದೋರು ಹೇಳಿ

ಬೆಣ್ಣೆ_ದೋಸೆ: ನಮಸ್ಕಾರ ಎಲ್ರಿಗೂ. ಆರ್ಕಿಟೆಕ್ಚರ್ ನಾಲ್ಕನೇ ವರ್ಷ, ದಾವಣಗೆರೆ ಹುಡುಗಿ. ಸೆಪ್ಟೆಂಬರ್ ಕೊನೆಯಿಂದ ಜನವರಿವರೆಗೆ ಇಂಟರ್ನ್‌ಶಿಪ್ ಮಾಡ್ಬೇಕು. ಯಾವ್ದೋ ಆಫೀಸಲ್ಲಿ ಕೂತು ಟಾಯ್ಲೆಟ್ ಡ್ರಾಯಿಂಗ್ ಎಳೆಯೋಕೆ ಮನಸ್ಸಿಲ್ಲ, ಪುದುಚೇರಿ ಹತ್ರದ ಆರೋವಿಲ್‌ಗೆ ಹೋಗಿ ಮಣ್ಣಿನ ಕಟ್ಟಡ ಕಲೀಬೇಕು, ಬಿಡುವಲ್ಲಿ ಗಿಡ ನೆಡೋ ಕಡೆ ಕೆಲಸ ಮಾಡ್ಬೇಕು ಅಂತಿದೆ. ಕೈಲಿರೋದು 40 ಸಾವಿರ. ತಮಿಳು ಬರಲ್ಲ. ಅಮ್ಮ ಮಳೆ ಮಳೆ ಅಂತಿದಾರೆ. ದುಡ್ಡು ಸಾಕಾಗುತ್ತಾ, ಆ ತಿಂಗಳುಗಳು ಸರಿನಾ?

ಕೆಂಪುಮಣ್ಣು: ಹೋಗು, ಯೋಚ್ನೆ ಮಾಡ್ಬೇಡ. ನಾನು 2011ರ ಜುಲೈಲಿ ಕೆಲಸ ಬಿಟ್ಟು ಹೋದವ್ನು, ಒಂದು ತಿಂಗಳಿಗೆ ಅಂತ ಹೋಗಿ ಏಳು ತಿಂಗಳು ಉಳಿದೆ. 1968ರಲ್ಲಿ ಶುರು ಮಾಡಿದಾಗ ಅಲ್ಲಿ ನೆರಳಿಗೆ ಅಂತ ಇದ್ದದ್ದು ಒಂದು ಆಲದ ಮರ, ಅಲ್ಲಲ್ಲಿ ತಾಳೆ, ಅಷ್ಟೆ. ಮಿಕ್ಕಿದ್ದೆಲ್ಲ ಮಳೆ ಕೊಚ್ಚಿ ಕೊರಕಲಾದ ಕೆಂಪು ನೆಲ. ಬದು ಹಾಕಿ ನೀರು ನಿಲ್ಲಿಸಿ, ಮೊದ್ಲು ಬೇಗ ಬೆಳೆಯೋ ಅಕೇಶಿಯಾ ನೆಟ್ಟು, ಅದರ ನೆರಳಲ್ಲಿ ಆ ನೆಲದ್ದೇ ಮರಗಳನ್ನ ಎಬ್ಬಿಸಿದ್ದು. ನಾನಿದ್ದ ಕಡೆ ಆ ಅಕೇಶಿಯಾಗಳು ತೊಲೆ ತೊಲೆ ಆಗಿದ್ವು, ಡಿಸೆಂಬರ್ 29ರ ರಾತ್ರಿ ಗಾಳಿ ಶುರುವಾಯ್ತು ನೋಡು, ಥಾನೆ ಚಂಡಮಾರುತ, ನಾವು ಹನ್ನೊಂದು ಜನ ಒಂದೇ ಕಾಂಕ್ರೀಟ್ ಛಾವಣಿ ಇದ್ದ ಸ್ಟೋರ್ ರೂಮಲ್ಲಿ ಅಕ್ಕಿಮೂಟೆ ಮೇಲೆ ಕೂತು ಬೆಳಗಿನವರೆಗೆ ಮರ ಬೀಳೋ ಸದ್ದು ಎಣಿಸ್ತಾ ಇದ್ವಿ, ಎಪ್ಪತ್ತೆರಡರವರೆಗೆ ಎಣಿಸಿದ ನೆನಪು, ಆಮೇಲೆ ಬಿಟ್ವಿ. ಬೆಳಗ್ಗೆ ಎದ್ದು ನೋಡಿದ್ರೆ ಆಕಾಶ ಕಾಣ್ತಿದೆ! ಐದು ತಿಂಗಳಿಂದ ಆ ಜಾಗದಲ್ಲಿ ಆಕಾಶನೇ ನೋಡಿರ್ಲಿಲ್ಲ. ಆಮೇಲೆ ಒಂದು ತಿಂಗಳು ಕೈಗರಗಸ ಹಿಡಿದು ದಾರಿ ಬಿಡಿಸಿದ್ದೇ ಕೆಲಸ. ಈಗ್ಲೂ ಬಲಭುಜ ಚಳಿಗೆ ನೋಯುತ್ತೆ. ಆದ್ರೂ ಹೇಳ್ತೀನಿ, ಇಪ್ಪತ್ತು ವರ್ಷದ ಸಾಫ್ಟ್‌ವೇರಲ್ಲಿ ಆ ಏಳು ತಿಂಗಳಷ್ಟು ನಿದ್ದೆ ಬಂದಿಲ್ಲ.

ಲೆಕ್ಕದ_ಪುಸ್ತಕ: ಈ ಥರ ಕಥೆ ಓದೇ ನಾನೂ ಹೋಗಿದ್ದು. ಆರೋವಿಲ್ ಅಲ್ಲ, ಘಟ್ಟದ ಆಚೆ ಒಂದು ಪರ್ಮಾಕಲ್ಚರ್ ತೋಟ (ಕಾಡಿನ ಥರ ತಾನೇ ನಡೆಯೋ ಹಾಗೆ ಕಟ್ಟಿದ ತೋಟ), ಹೆಸರು ಬೇಡ. ಲೆಕ್ಕ ಕೊಡ್ತೀನಿ, ಡೈರಿ ಇನ್ನೂ ಇದೆ. ದಿನಕ್ಕೆ 650 ‘ಕಾಂಟ್ರಿಬ್ಯೂಷನ್’, 42 ದಿನಕ್ಕೆ 27,300. ಡೆಪಾಸಿಟ್ 3,000, ವಾಪಸ್ ಬಂದಿಲ್ಲ, ಕೇಳಿದ್ರೆ ಸೊಳ್ಳೆಪರದೆ ಹರಿದಿದೆ ಅಂದ್ರು, ಹರಿದಿದ್ದನ್ನೇ ಕೊಟ್ಟಿದ್ರು. ಹಾಸಿಗೆ ಬಾಡಿಗೆ 750. ಗಮ್‌ಬೂಟ್ 780. ಬಸ್ಸು ಹೋಗಿ ಬರೋಕೆ 2,160. ಮೂವತ್ತೊಂಬತ್ತನೇ ದಿನ ಜ್ವರ, ಮೀನಖಂಡ ಮುಟ್ಟಿದ್ರೆ ಕಿರುಚೋ ಹಾಗೆ ನೋವು, ಕಣ್ಣು ಕೆಂಪು. ಅವ್ರು ಶುಂಠಿ ಕಷಾಯ ಕೊಟ್ರು, ‘ದೇಹ ಕ್ಲೀನ್ ಆಗ್ತಿದೆ’ ಅಂದ್ರು. ಅದು ಇಲಿಜ್ವರ ಸ್ವಾಮಿ. ಕಾಲಲ್ಲಿ ಗಾಯ ಇಟ್ಕೊಂಡು ಗದ್ದೆ ನೀರಲ್ಲಿ ನಿಂತಿದ್ದೆ (ಗಮ್‌ಬೂಟ್ ಆಗ್ಲೇ ತೂತು). ಆಸ್ಪತ್ರೆ 18,400. ಒಟ್ಟು 52,390. ಕಲ್ತಿದ್ದು ಏನು? ಮಲ್ಚಿಂಗ್, ಅಂದ್ರೆ ಗಿಡದ ಬುಡಕ್ಕೆ ಒಣ ಎಲೆ ಮುಚ್ಚೋದು. ಶಿರಸಿ ಕಡೆಯವ್ನು ನಾನು, ನಮ್ಮಜ್ಜಿ ಸೊಪ್ಪಿನ ಬೆಟ್ಟದಿಂದ ದರಕು ಹೊತ್ತು ತಂದು ಅಡಿಕೆ ಬುಡಕ್ಕೆ ಹಾಕ್ತಿದ್ದದ್ದೇ ಅದು. ದುಡ್ಡು ಕೊಟ್ಟು ಕೂಲಿ ಮಾಡಿ ಬಂದೆ, ಅಷ್ಟೆ.

ಕೆಂಪುಮಣ್ಣು: ಗಮ್‌ಬೂಟ್ ಬಿಲ್ ಇಟ್ಕೊಂಡು ಹೋಗೋರಿಗೆ ಇವೆಲ್ಲ ಆಗಲ್ಲ ಬಿಡಿ. ಒಂದು ಕೆಟ್ಟ ತೋಟ ನೋಡಿ ಎಲ್ಲಾನೂ ಬೈಯೋದಾ?

ಲೆಕ್ಕದ_ಪುಸ್ತಕ: ನಿಮಗೆ ಏಳು ತಿಂಗಳು ಕೂತು ಉಣ್ಣೋಷ್ಟು ಐಟಿ ಸೇವಿಂಗ್ಸ್ ಇತ್ತು. ಈ ಹುಡುಗಿ ಹತ್ರ 40 ಸಾವಿರ ಇದೆ.

ಇಟ್ಟಂಗಿ_ಅಕ್ಕ: ಇಬ್ರೂ ಸುಮ್ನಿರ್ರಿ ಸ್ವಲ್ಪ. ತಂಗಿ, ನಾನೂ ಆರ್ಕಿಟೆಕ್ಟೇ, ವಿಜಯಪುರದಾಕಿ. ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟಿನಾಗ ಟ್ರೇನಿಂಗ್ ಮಾಡೀನಿ. ಮಣ್ಣು ಜರಡಿ ಹಿಡದು, ನೂರಕ್ಕ ಐದು ಪಾಲು ಸಿಮೆಂಟ್ ಕಲಸಿ, ಆರಂ ಅನ್ನೋ ಇಟ್ಟಂಗಿ ಒತ್ತೋ ಮಷಿನ್‌ನ್ಯಾಗ ಹಾಕಿ ಲಿವರ್ ಜಗ್ಗೋದು, ಸುಡೋದಿಲ್ಲ, ನಾಕು ವಾರ ನೀರು ಹೊಡೀಬೇಕು. ಕೈಯಾಗ ಉಂಡಿ ಕಟ್ಟಿ ಮಣ್ಣಿನ ಗುಣ ನೋಡೋದು ಅಲ್ಲೇ ಕಲತೆ, ಐದು ವರ್ಷ ಕಾಲೇಜಿನಾಗ ಒಬ್ರೂ ಹೇಳಿಕೊಟ್ಟಿರ್ಲಿಲ್ಲ. ಆದ್ರ ನನ್ನ ತಪ್ಪು ಏನಂದ್ರ, ಅಲ್ಲಿ ಕೆಂಪು ಮಣ್ಣಿನ ಲೆಕ್ಕ ಇಟ್ಕೊಂಡು ಬಂದು ನಮ್ಮೂರಿನ ಕಪ್ಪು ಎರಿ ಮಣ್ಣಿಗೆ ಹಂಗೇ ಹಚ್ಚಿದೆ. ಎರಿ ಮಣ್ಣು ನೀರು ಕುಡದ್ರ ಉಬ್ಬತದ, ಒಣಗಿದ್ರ ಬಿರಿತದ, ಅದಕ್ಕ ಸಿಮೆಂಟ್ ಅಲ್ಲ ಸುಣ್ಣ ಬೇಕು. ಕ್ಲಾಸಿನಾಗ ಹೇಳಿದ್ರು, ನೋಟ್‌ಬುಕ್‌ನ್ಯಾಗ ಬರಕೊಂಡೀನಿ ಸುದ್ದಾ! ನಮ್ಮ ಕಾಕಾನ ಮನಿ, ಮೂರು ಸಾವಿರದ ಇನ್ನೂರು ಇಟ್ಟಂಗಿ ಹೊಡಿಸಿದ್ದೆ. ಏಪ್ರಿಲ್ ಬಿಸಲಾಗ ಮೇಸ್ತ್ರಿ ನಾಕ ದಿನ ನೀರು ಹೊಡದು ಬಿಟ್ಟ, ನಾನು ಬೆಂಗಳೂರಾಗಿದ್ದೆ. ಮುಂಗಾರಿನಾಗ ಮೂಲಿ ಮೂಲಿ ಉದುರಿದ್ವು. ಅರ್ಧ ಗ್ವಾಡಿ ಕೆಡವಿ ಕಲ್ಲು ಕಟ್ಟಿಸಿದ್ವಿ, ಒಂದು ಲಕ್ಷ ಹತ್ತು ಸಾವಿರ ಮ್ಯಾಲ ಬಿತ್ತು. ಕಾಕಾ ಇವತ್ತಿಗೂ ಮದುವಿ ಮುಂಜಿವಿಯೊಳಗ ‘ನಮ್ಮ ಮಣ್ಣಿನ ಇಂಜಿನಿಯರು’ ಅಂತ ಪರಿಚಯ ಮಾಡಸ್ತಾನ.

ಸಗಣಿ_ಸಮಾಚಾರ: ತಮಿಳುನಾಡಿಗೆ ಯಾಕೆ ಹೋಗ್ಬೇಕು ಅನ್ನೋದೇ ನಂಗರ್ಥ ಆಗಲ್ಲ. ದೊಡ್ಡಬಳ್ಳಾಪುರದ ಹತ್ರ ಸಾವಯವ ಕೃಷಿಕ ನಾರಾಯಣ ರೆಡ್ಡಿಯವರ ತೋಟಕ್ಕೆ ನಾನು ಎಷ್ಟು ಸಲ ಹೋಗಿದೀನಿ, ಪಂಚೆ ಉಟ್ಟು ಟವೆಲ್ ಹಾಕ್ಕೊಂಡು ಇಂಗ್ಲಿಷಲ್ಲಿ ಫಾರಿನ್‌ನವ್ರಿಗೆ ಪಾಠ ಹೇಳೋರು. ಅಲ್ಲಿಂದ ಬಂದು ನಮ್ಮ ಎರಡೂವರೆ ಎಕರೆಗೆ ಜೀವಾಮೃತ ಶುರು ಮಾಡಿದೆ, 200 ಲೀಟರ್ ನೀರಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡ್ಲೆಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಎಂಟು ವರ್ಷ ಆಯ್ತು ಯೂರಿಯಾ ಮುಟ್ಟಿಲ್ಲ.

ಲೆಕ್ಕದ_ಪುಸ್ತಕ: ರೆಡ್ಡಿಯವರು ತೀರ್ಕೊಂಡಿದ್ದು 2019ರಲ್ಲಿ. ಹುಡುಗಿ ಈಗ ಯಾರ ಹತ್ರ ಹೋಗ್ಬೇಕು? ಮತ್ತೆ ಜೀವಾಮೃತ ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಪದ್ಧತಿ, ರೆಡ್ಡಿಯವರ ತಲೆಗೆ ಕಟ್ಬೇಡಿ.

ಸಗಣಿ_ಸಮಾಚಾರ: ನಾನೆಲ್ಲಿ ರೆಡ್ಡಿಯವರದು ಅಂದೆ? ‘ಅಲ್ಲಿಂದ ಬಂದು’ ಅಂದೆ. ಓದೋಕೆ ಬರುತ್ತಾ ಬರೀ ಕೂಡೋಕೆ ಮಾತ್ರನಾ?

ಮೊಸರನ್ನ: ನಾನು ಆರೋವಿಲ್ಲಿನ ಸಾಧನಾ ಫಾರೆಸ್ಟಲ್ಲಿ, ಕಾಡು ಬೆಳೆಸೋ ಜಾಗ ಅದು, ಐದು ವಾರ ಇದ್ದೆ. 2003ರಲ್ಲಿ ಶುರುವಾದದ್ದು, ಬೆಳಗ್ಗೆ ಎದ್ದು ಗುಂಡಿ ತೋಡೋದು, ಮಲ್ಚ್ ಹೊರೋದು, ಅಡುಗೆಮನೆ ಸರದಿ. ಊಟ ಪೂರ್ತಿ ವೀಗನ್, ಹಾಲು ಮೊಸರೂ ಇಲ್ಲ. ಟಾಯ್ಲೆಟ್ ನೀರಿಲ್ಲದ ಕಾಂಪೋಸ್ಟ್ ಥರದ್ದು, ಮೇಲೆ ಮರದ ಹೊಟ್ಟು ಹಾಕ್ಬೇಕು, ನಂಗೆ ಅದು ಮೂರೇ ದಿನಕ್ಕೆ ಅಭ್ಯಾಸ ಆಯ್ತು. ಮೊಸರು ಇಲ್ಲದ್ದು ಮಾತ್ರ ಆಗ್ಲಿಲ್ಲ. ಎರಡನೇ ವಾರ ಸೈಕಲ್ ತುಳ್ಕೊಂಡು ಮೇನ್ ರೋಡಿಗೆ ಹೋಗಿ ಒಂದು ಪುಟ್ಟ ಅಂಗಡಿಲಿ ನಿಂತು ಅರ್ಧ ಲೀಟರ್ ಮೊಸರು ಪ್ಯಾಕೆಟ್ ಬಾಯಿಗೆ ಸುರ್ಕೊಂಡೆ, ಅಂಗಡಿ ಅಮ್ಮ ನಕ್ಕು ಉಪ್ಪಿನಕಾಯಿ ಕೊಟ್ರು. ಆಮೇಲೆ ಪ್ರತಿ ಗುರುವಾರ. ತಮಿಳು ಅಲ್ಲೇ ಕಲ್ತಿದ್ದು, ‘ತಯಿರ್’ ನನ್ನ ಮೊದಲ ಶಬ್ದ.

ಕೆಂಪುಮಣ್ಣು: ಐದು ವಾರಕ್ಕೆ ನಿಯಮ ಪಾಲಿಸೋಕಾಗಲ್ಲ ಅಂದ್ರೆ ಹೋಗ್ಬಾರ್ದು. ಅಲ್ಲಿರೋರಿಗೆ ಅವಮಾನ ಅದು.

ಮೊಸರನ್ನ: ಹೊರಗೆ ತಿಂದಿದ್ದು ಸಾರ್. ಅಲ್ಲದೆ ನಿಯಮದ ಮಾತು ಬಂದ್ರೆ, 2021ರ ಡಿಸೆಂಬರಲ್ಲಿ ಆರೋವಿಲ್ ಒಳಗಿನ ವೃತ್ತಾಕಾರದ ಕ್ರೌನ್ ರೋಡಿಗೆ ಅಂತ ಜೆಸಿಬಿ ಬಂದು ಮರ ಉರುಳಿಸಿದಾಗ ಅಲ್ಲಿರೋರೇ ಎರಡು ಪಾಲಾಗಿದ್ರು. ಯಾರ ನಿಯಮ ಪಾಲಿಸ್ಬೇಕಿತ್ತು?

ಕೆಂಪುಮಣ್ಣು: ರಸ್ತೆ ಮೂಲ ಪ್ಲಾನಲ್ಲೇ ಇತ್ತು. ನಗರ ಕಟ್ತೀವಿ ಅಂತಲೇ ಶುರು ಮಾಡಿದ್ದು, ಕಾಡು ಆಮೇಲೆ ಬಂದಿದ್ದು. ನಂಗೂ ಹೊಟ್ಟೆ ಉರೀತು, ಆ ಮರಗಳ ನಡುವೆ ಬೆವರು ಸುರಿಸಿದವ್ನು ನಾನು. ಸುಪ್ರೀಂ ಕೋರ್ಟ್ 2025ರಲ್ಲಿ ರಸ್ತೆಗೆ ಅಡ್ಡ ಬಂದಿದ್ದ ಹಸಿರು ನ್ಯಾಯಪೀಠದ (ಎನ್‌ಜಿಟಿ) ಆದೇಶ ರದ್ದು ಮಾಡಿದೆ, ಹೋಗಿ ಓದಿ.

ಇಟ್ಟಂಗಿ_ಅಕ್ಕ: ಅಲ್ಲಿ ಗುಂಡಿ ತೋಡಿದವರು ಯಾರು ಅಂತ ಒಬ್ರೂ ಹೇಳವಲ್ರಿ. ಕುಯಿಲಪಾಳ್ಯಂ, ಎಡಯಂಚಾವಡಿ ಹಳ್ಳಿ ಕಡಿಂದ ಬರೋ ಹೆಣ್ಮಕ್ಕಳು. ನಾವು ಫೋಟೋ ತಕ್ಕೊಂಡು ಮನಿಗೆ ಬರ್ತೀವಿ, ಅವ್ರು ಮರುದಿನ ಮತ್ತ ಅಲ್ಲೇ. ಇಟ್ಟಂಗಿ ಕೈಯಾಗ ಎತ್ತಿ ಬಡದು ಸಪ್ಪಳದ ಮ್ಯಾಲೇ ‘ಇದು ಹೋಗಲ್ಲ’ ಅಂತ ಹೇಳಾಕಿ ಒಬ್ಬಾಕಿ ಇದ್ಲು. ನಾ ಆಕಿ ಕೂಡ ಇನ್ನೊಂದು ತಿಂಗಳು ನಿಂತಿದ್ರ ಕಾಕಾನ ಗ್ವಾಡಿ ಉಳೀತಿತ್ತು.

ಬೆಣ್ಣೆ_ದೋಸೆ: ಎಲ್ರಿಗೂ ಥ್ಯಾಂಕ್ಸ್. ಆದ್ರೆ ಅಕ್ಟೋಬರ್ ನವೆಂಬರ್ ಮಳೆ ಬಗ್ಗೆ?

ಮೊಸರನ್ನ: ಆ ಕಡೆ ದೊಡ್ಡ ಮಳೆ ಬರೋದೇ ಆಗ, ಹಿಂಗಾರು. 2024ರ ನವೆಂಬರ್ 30ಕ್ಕೆ ಫೆಂಗಲ್ ಚಂಡಮಾರುತ ಬಂದಾಗ ಪುದುಚೇರಿ ಬೀದಿಗಳೇ ಮುಳುಗಿದ್ವು. ಗಿಡ ನೆಡೋಕೆ ಆ ಕಾಲ ಒಳ್ಳೇದು, ಇಟ್ಟಿಗೆ ಒಣಗಿಸೋಕೆ ಕಷ್ಟ. ಬಟ್ಟೆ ಒಣಗಲ್ಲ, ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತೆ. ಜನವರಿಯಲ್ಲಿ ಶುರು ಮಾಡೋಕಾಗುತ್ತಾ ಅಂತ ಕಾಲೇಜಲ್ಲಿ ಕೇಳು.

ಲೆಕ್ಕದ_ಪುಸ್ತಕ: ಹೋಗೋಕೆ ಮುಂಚೆ ದಿನಕ್ಕೆ ಎಷ್ಟು, ಊಟ ಸೇರಿನಾ, ಸೈಕಲ್ ಯಾರದು, ಡೆಪಾಸಿಟ್ ಯಾವಾಗ ವಾಪಸ್, ಎಲ್ಲಾ ಇಮೇಲಲ್ಲಿ ಬರೆಸ್ಕೋ. ಸೊಳ್ಳೆಪರದೆ ಫೋಟೋ ಮೊದಲ ದಿನವೇ ತೆಗಿ.

ಸಗಣಿ_ಸಮಾಚಾರ: ಜೀವಾಮೃತಕ್ಕೆ ಬೆಲ್ಲ ಕಪ್ಪಗಿರೋದು ತಗೋಬೇಕು, ಬಿಳಿ ಬೆಲ್ಲದಲ್ಲಿ ಕೆಮಿಕಲ್ ಇರುತ್ತೆ. ಯಾರೂ ಕೇಳ್ಲಿಲ್ಲ ಅಂತ ಗೊತ್ತು.