ಕ್ರೆಡಿಟ್ ಕಾರ್ಡ್ ಬಾಕಿ: ದಿವಾಳಿ ಅರ್ಜಿಯೋ, ಸಾಲ ಸಮಾಲೋಚನೆಯೋ?

ಪ್ರಶ್ನೆ

ನಾನು ಶಿವಮೊಗ್ಗದ ಖಾಸಗಿ ಶಾಲೆಯೊಂದರ ಶಿಕ್ಷಕಿ. ತಾಯಿಯ ಶಸ್ತ್ರಚಿಕಿತ್ಸೆಗೆಂದು ಎರಡು ಕ್ರೆಡಿಟ್ ಕಾರ್ಡುಗಳಿಂದ ತೆಗೆದ ಹಣದಲ್ಲಿ ಇನ್ನೂ 1,80,000 ರೂಪಾಯಿ ಬಾಕಿ ಇದೆ. ಹದಿನಾಲ್ಕು ತಿಂಗಳಿಂದ ಕನಿಷ್ಠ ಮೊತ್ತವನ್ನು ತಪ್ಪದೆ ಕಟ್ಟುತ್ತಿದ್ದರೂ ಅಸಲು ಕರಗುತ್ತಿಲ್ಲ. ದಿವಾಳಿ ಅರ್ಜಿ ಹಾಕಿಬಿಡಿ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಸಾಲ ಸಮಾಲೋಚನೆಗೆ ಹೋಗಿ ಎನ್ನುವುದು ಇನ್ನೊಬ್ಬರ ಸಲಹೆ. ಅಲ್ಲಿ ನಿಜವಾಗಿ ಏನು ಮಾಡುತ್ತಾರೆ?

ಉತ್ತರ 1 (ನಿವೃತ್ತ ಬ್ಯಾಂಕ್ ಅಧಿಕಾರಿ)

ಮೊದಲು ಲೆಕ್ಕ ನೋಡಿ. ತಿಂಗಳಿಗೆ ಶೇ. 3.5ರಂತೆ ಬಡ್ಡಿ 6,300 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 1,134. ಕನಿಷ್ಠ ಮೊತ್ತ ಶೇ. 5 ಎಂದಾದರೆ, ನೀವು ಕಟ್ಟುವ 9,000ದಲ್ಲಿ ಅಸಲಿಗೆ ಸೇರುವುದು 1,566 ಮಾತ್ರ. ಅದೇ ಬಾಕಿಯನ್ನು ವಾರ್ಷಿಕ ಶೇ. 16ರ ಬಡ್ಡಿಯ ಮೂರು ವರ್ಷದ ಸಾಲವಾಗಿ ಬದಲಿಸಿಕೊಂಡರೆ ಕಂತು ಸುಮಾರು 6,330 ರೂಪಾಯಿಗೆ ಇಳಿದು, 36 ತಿಂಗಳಲ್ಲಿ ಸಾಲವೇ ತೀರುತ್ತದೆ. ಸಮಾಲೋಚಕರು ಸಾಲ ಕೊಡುವವರಲ್ಲ. ನಿಮ್ಮ ಆದಾಯ, ಮನೆಖರ್ಚು, ಎಲ್ಲ ಬಾಕಿಗಳನ್ನು ಒಟ್ಟಿಗೆ ನೋಡಿ, ಇಂಥದೊಂದು ಯೋಜನೆ ರೂಪಿಸಿ ಬ್ಯಾಂಕಿನೊಡನೆ ಮಾತುಕತೆಗೆ ನೆರವಾಗುತ್ತಾರೆ. ರಿಸರ್ವ್ ಬ್ಯಾಂಕು 2009ರಲ್ಲಿ ಇದಕ್ಕಾಗಿ ಸಮಾಲೋಚನಾ ಕೇಂದ್ರಗಳ ಮಾದರಿ ಯೋಜನೆ ರೂಪಿಸಿತು. ಆ ಕೇಂದ್ರಗಳನ್ನು ಈಗ ಆರ್ಥಿಕ ಸಾಕ್ಷರತಾ ಕೇಂದ್ರ ಎನ್ನುತ್ತಾರೆ, ಶುಲ್ಕವಿಲ್ಲ. ಜಿಲ್ಲೆಯ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಸಂಯೋಜಿಸುವ ಬ್ಯಾಂಕು) ಕಚೇರಿಯಲ್ಲಿ ವಿಚಾರಿಸಿ. ದಯವಿಟ್ಟು ಕಂತು ತಪ್ಪುವ ಮೊದಲೇ ಹೋಗಿ, ಏಕೆಂದರೆ ಇದುವರೆಗೆ ತಪ್ಪದೆ ಕಟ್ಟಿರುವುದೇ ಮಾತುಕತೆಯಲ್ಲಿ ನಿಮ್ಮ ದೊಡ್ಡ ಬಲ.

ಉತ್ತರ 2 (ವಕೀಲ)

2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು ಕಂಪನಿ ಸಾಲಗಳಿಗೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ ಜಾರಿಯಲ್ಲಿದೆ. ನಿಮಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಆ ದಾರಿ ಹಿಡಿದರೆ, ಕಾನೂನು ವಿನಾಯಿತಿ ಕೊಟ್ಟಿರುವುದನ್ನು ಬಿಟ್ಟು ನಿಮ್ಮ ಉಳಿದ ಆಸ್ತಿಯೆಲ್ಲ ನ್ಯಾಯಾಲಯದ ವಶಕ್ಕೆ ಹೋಗುತ್ತದೆ. ಸಂಬಳ ಬರುತ್ತಿರುವವರಿಗೆ, ಈ ಮೊತ್ತಕ್ಕೆ, ನಾನಂತೂ ಅದನ್ನು ಸೂಚಿಸುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಕಂತು ಕಟ್ಟುವುದನ್ನು ನಿಲ್ಲಿಸಿದರೆ ಅರ್ಧಕ್ಕೇ ಸಾಲ ಮುಗಿಸಿಕೊಡುತ್ತೇವೆಂದು ಒಂದು ಸಂಸ್ಥೆ ಮುಂಗಡ ಶುಲ್ಕ ಕೇಳುತ್ತಿದೆ. ಇದೂ ಸಮಾಲೋಚನೆಯೇ?

ಉತ್ತರ 1

ಅಲ್ಲ, ಅದು ಸೆಟಲ್‌ಮೆಂಟ್ ವ್ಯವಹಾರ. ಕಟ್ಟುವುದನ್ನು ನಿಲ್ಲಿಸಿದ ದಿನದಿಂದ ದಂಡವೂ ಬಡ್ಡಿಯೂ ಏರುತ್ತವೆ, ವಸೂಲಿ ಕರೆಗಳು ಶುರುವಾಗುತ್ತವೆ. ಬ್ಯಾಂಕು ಕೊನೆಗೆ ಒಪ್ಪಿದರೂ ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ (ಪೂರ್ತಿ ತೀರಿತು) ಬದಲು ‘ಸೆಟಲ್ಡ್’ (ಕಡಿಮೆ ಮೊತ್ತಕ್ಕೆ ಮುಗಿಸಲಾಯಿತು) ಎಂದು ದಾಖಲಾಗಿ, ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ. ಮುಂಗಡ ಕೊಡಬೇಡಿ. ಎರಡೂ ಕಾರ್ಡುಗಳ ಕೊನೆಯ ಆರು ತಿಂಗಳ ಬಿಲ್ಲು ಮತ್ತು ಸಂಬಳದ ಚೀಟಿ ಹಿಡಿದು ಈ ವಾರವೇ ಲೀಡ್ ಬ್ಯಾಂಕ್ ಕಚೇರಿಗೆ ಹೋಗಿ ಬನ್ನಿ.