ಕೋಟೆಯ ‘ಕೀಪ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಎಷ್ಟೋ ಹಳೆಯ ಕೋಟೆಗಳಲ್ಲಿ, ಗೋಡೆಯ ಒಳಗೆ ಎತ್ತರವಾದ ಒಂದು ಕಲ್ಲಿನ ಕಟ್ಟಡ ನಿಂತಿರುತ್ತದೆ. ಇಲ್ಲಿಯವರು ಅದಕ್ಕೆ ‘ಕೀಪ್’ ಅನ್ನುತ್ತಾರೆ. ಅದಕ್ಕೊಂದು ಕನ್ನಡ ಪದ ಬೇಕು.

ನಾನಿರುವುದು ಕೆಂಟ್ ಕೌಂಟಿಯಲ್ಲಿ. ರಜೆ ಸಿಕ್ಕಾಗ ಕೋಟೆಗಳನ್ನು ನೋಡಲು ಹೋಗುತ್ತೇನೆ, ನೋಡಿದ್ದನ್ನು ಕನ್ನಡದಲ್ಲೇ ಬರೆದಿಡುತ್ತೇನೆ. ಬೇರೆ ಭಾಗಗಳಿಗೆ ನಮ್ಮಲ್ಲಿ ಪದಗಳ ಬರವಿಲ್ಲ. ಸುತ್ತಲಿನ ನೀರಿಗೆ ಕಂದಕ ಅಥವಾ ಅಗಳು. ಚಾಚಿಕೊಂಡಿರುವ ಬುರುಜಿಗೆ ಕೊತ್ತಲ. ಗೋಡೆಯ ನೆತ್ತಿಯ ಮೇಲಿನ ಹಲ್ಲುಸಾಲಿಗೆ ತೆನೆ. ಎಷ್ಟು ಚೆಂದದ ಪದ, ಅಲ್ವಾ? ಸಣ್ಣ ಬಾಗಿಲಿಗೆ ದಿಡ್ಡಿ. ತೊಡಕಿರುವುದು ಕೀಪ್ ಒಂದರಲ್ಲೇ.

ಮೆಡ್ವೇ ನದಿಯ ದಡದಲ್ಲಿರುವ ರಾಚೆಸ್ಟರ್ ಕೋಟೆಯ ಕೀಪನ್ನು ನೋಡಿ. 1127ರಲ್ಲಿ ಅಲ್ಲಿನ ಕೋಟೆಯನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನ ಕೈಗೆ ಒಪ್ಪಿಸಿದರು. ಈ ಕೀಪನ್ನು ಕಟ್ಟಿಸಿದವನು ಅವನೇ. ಎತ್ತರ ಸುಮಾರು 113 ಅಡಿ. ಒಳಗೆ ದೊಡ್ಡ ಹಜಾರ, ಮಲಗುವ ಕೋಣೆ, ಪ್ರಾರ್ಥನೆಯ ಜಾಗ ಎಲ್ಲವೂ ಇದ್ದವು. ಬಾವಿಯ ಕೊಳವೆ ನಡುಗೋಡೆಯೊಳಗೇ ಮೇಲಕ್ಕೆ ಬಂದಿದೆ. ಹಾಗಾಗಿ ಮೇಲಿನ ಅಂತಸ್ತಿನಲ್ಲಿ ನಿಂತೇ ನೀರು ಸೇದಬಹುದಿತ್ತು. ಅಂದರೆ ಇದು ಒಡೆಯನ ಮನೆ.

ಆದರೆ ಬರೀ ಮನೆಯಲ್ಲ. 1215ರಲ್ಲಿ ಜಾನ್ ದೊರೆ ಈ ಕೋಟೆಗೆ ಮುತ್ತಿಗೆ ಹಾಕಿದ. ಕೀಪಿನ ಒಂದು ಮೂಲೆಯ ಅಡಿಪಾಯಕ್ಕೆ ಸುರಂಗ ಕೊರೆಸಿದ. ಸುರಂಗಕ್ಕೆ ಆನಿಕೆ ಕೊಟ್ಟಿದ್ದ ಮರಗಳನ್ನು ಹಂದಿಯ ಕೊಬ್ಬಿನಿಂದ ಸುಡಲು 40 ಕೊಬ್ಬಿದ ಹಂದಿಗಳನ್ನು ತರಿಸಿದ. ಮೂಲೆ ಕುಸಿಯಿತು. ಒಳಗಿದ್ದವರು ಆಗಲೂ ಶರಣಾಗದೆ ನಡುಗೋಡೆಯ ಆಚೆ ಸರಿದು ಕಾದಾಡಿದರು. ಕೊನೆಗೆ ಸೋಲಿಸಿದ್ದು ಹಸಿವು. ಆಮೇಲೆ ಆ ಮೂಲೆಯನ್ನು ದುಂಡಗೆ ಕಟ್ಟಿದರು. ಈಗಲೂ ಮೂರು ಮೂಲೆ ಚೌಕ, ಒಂದು ದುಂಡು.

ಮನೆ, ಕೊನೆಯ ಆಸರೆ, ಇವೆರಡೂ ಒಂದೇ ಪದದಲ್ಲಿ ಬರಬೇಕು. ‘ಒಳಕೋಟೆ’ ಅಂದರೆ ಕೋಟೆಯೊಳಗಿನ ಇನ್ನೊಂದು ಸುತ್ತು ಗೋಡೆ ಕಣ್ಣಿಗೆ ಬರುತ್ತದೆ, ಕಟ್ಟಡವಲ್ಲ. ಬುರುಜು, ಕೊತ್ತಲ ಎರಡೂ ಗೋಡೆಗೆ ಅಂಟಿಕೊಂಡವು. ‘ಅರಮನೆ’ಯಲ್ಲಿ ಕಾಳಗದ ಸುಳಿವೇ ಇಲ್ಲ. ಕೀಪಿಗೆ ‘ಡಾಂಜನ್’ ಎಂಬ ಹಳೆಯ ಹೆಸರೂ ಇದೆ. ಇಂಗ್ಲಿಷಿನಲ್ಲಿ ಅದೇ ಪದ ಮುಂದೆ ನೆಲದಡಿಯ ಸೆರೆಮನೆ ಎಂಬ ಅರ್ಥಕ್ಕೆ ತಿರುಗಿತು. ಅದರ ಜಾಡು ಹಿಡಿದು ಕೀಪನ್ನು ಸೆರೆಮನೆ ಅಂದರೆ ಅರ್ಥ ಪೂರಾ ಕೆಡುತ್ತದೆ.

ನನಗೆ ಜಾಸ್ತಿ ಹಿಡಿಸಿರುವುದು ಬಯಲುಸೀಮೆಯ ‘ಹುಡೇವು’. ಊರಿಗೆ ದಾಳಿ ಬಂದಾಗ ಹತ್ತಿ ಕಾಯಲು ಕಟ್ಟಿದ, ಒಂಟಿಯಾಗಿ ನಿಲ್ಲುವ ಕಾವಲು ಕಟ್ಟಡ ಅದು. ಯಾರೂ ಅಲ್ಲಿ ಸಂಸಾರ ಹೂಡುವುದಿಲ್ಲ, ನಿಜ. ಆ ಕೊರತೆ ನೀಗಲು ‘ಹುಡೇಮನೆ’ ಅನ್ನಬಹುದೇ? ಸುಮ್ನೆ ‘ಕೀಪ್’ ಅಂತಲೇ ಬರೆಯುವುದಕ್ಕೆ ನನಗೆ ಮನಸ್ಸಿಲ್ಲ. ಇಷ್ಟೆಲ್ಲ ಪದಗಳಿರುವ ಭಾಷೆಯಲ್ಲಿ ಇದೊಂದು ಸಿಗದೆ ಹೋಗಲಾರದು.

ಹುಡೇವು ಎಂಬ ಪದ ಆಡುಮಾತಿನಲ್ಲಿ ಉಳಿದಿರುವ ಕಡೆಯವರಿಗೆ ಒಂದು ಪ್ರಶ್ನೆ: ದುಂಡಗಿರುವುದಕ್ಕೆ ಮಾತ್ರ ಹಾಗನ್ನುತ್ತೀರೋ, ಚೌಕವಾಗಿ ಕಟ್ಟಿದ್ದಕ್ಕೂ ಅನ್ನುತ್ತೀರೋ?