ಸಾವಾದ ಮನೆಯ ಮುಂದೆಯೇ ದಿನವೂ ಓಡಾಡಬೇಕಾದ ಆಶಾ ಕಾರ್ಯಕರ್ತೆಗೆ ಹೇಗೆ ಆಸರೆಯಾಗಬೇಕು?

ಘಟ್ಟದ ಡಾಕ್ಟರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೇನೆ. ನಮ್ಮದು ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರಕ್ಕೆ ಇಂದಿಗೂ ನಿರ್ದಿಷ್ಟ ಔಷಧಿ ಇಲ್ಲ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಕಾಡಿನಲ್ಲಿ ಉಣುಗುಗಳ ಕಾಟ ಹೆಚ್ಚಿರುವ ಕಾಲದಲ್ಲಿ, ಎಲ್ಲಿ ಮಂಗ ಸತ್ತು ಬಿದ್ದಿದೆ, ಯಾರ ಮನೆಯಲ್ಲಿ ಜ್ವರ ಕಾಣಿಸಿಕೊಂಡಿದೆ ಎಂಬುದು ಮೊದಲು ತಿಳಿಯುವುದು ಆಶಾ ಕಾರ್ಯಕರ್ತೆಯರಿಗೆ. ನಮ್ಮ ಕೆಲಸ ಆರಂಭವಾಗುವುದೇ ಅವರ ಫೋನಿನಿಂದ.

ಕಳೆದ ಹಂಗಾಮಿನಲ್ಲಿ ನಮ್ಮ ವ್ಯಾಪ್ತಿಯ ಒಂದು ಮಜರೆಯಲ್ಲಿ, ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ) ತರಲು ಕಾಡಿಗೆ ಹೋಗಿ ಬಂದ ರೈತರೊಬ್ಬರು ಜ್ವರ ಬಂದು ಮಲಗಿದರು. ಐದು ದಿನ ಅಂಗಡಿಯ ಮಾತ್ರೆಯಲ್ಲೇ ಕಳೆದುಹೋಯಿತು. ಆಶಾ ಕಾರ್ಯಕರ್ತೆ ಹಟ ಹಿಡಿದು ಕರೆತಂದಾಗ ಅವರ ವಸಡಿನಲ್ಲಿ ರಕ್ತ ಜಿನುಗುತ್ತಿತ್ತು. ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು, ಅವರು ಉಳಿಯಲಿಲ್ಲ. ಹನ್ನೊಂದನೆಯ ದಿನದ ಕಾರ್ಯದ ಹೊತ್ತಿಗೆ ಅವರ ಪತ್ನಿ ಎಲ್ಲರೆದುರು ಆಕೆಗೆ ಹೇಳಿದ ಮಾತು ಇಷ್ಟೇ: “ಲಸಿಕೆ ಹಾಕಿಸಿಕೊಳ್ಳಿ ಅಂದವಳೂ ನೀನೇ, ಇನ್ನು ಲಸಿಕೆ ಇಲ್ಲ ಅಂದವಳೂ ನೀನೇ.” ಇದು ಸುಳ್ಳಲ್ಲ. ತೋಳು ಉರಿಯುತ್ತದೆ ಎಂದು ತೋಟದೊಳಗೆ ಅಡಗಿಕೊಳ್ಳುತ್ತಿದ್ದವರನ್ನು ಹುಡುಕಿ ಕರೆತಂದು, ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರು ಹಾಕಿಸಿದವರು ಈಕೆಯೇ. ಆ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಿದಾಗ ಆ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿದವರೂ ಈಕೆಯೇ.

ಈಗ ಅವರು ಆ ಮನೆಯ ಮುಂದಿನ ದಾರಿಯನ್ನು ಬಿಟ್ಟು ತೋಟದ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಾರೆ. ರಾತ್ರಿ ನಿದ್ದೆ ಇಲ್ಲವೆಂದು ನಮ್ಮ ಸಿಸ್ಟರ್ ಬಳಿ ಹೇಳಿಕೊಂಡಿದ್ದಾರೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ನಾಲ್ಕು ವಾರಗಳಿಂದ ಆ ಮಜರೆಯ ಜ್ವರ ಸಮೀಕ್ಷೆಯಲ್ಲಿ ಅವರು ಭೇಟಿಯನ್ನೇ ಕೊಡದೆ “ಜ್ವರ ಇಲ್ಲ” ಎಂದು ತುಂಬಿದ್ದಾರೆ. ಕಾರಣ ಕೇಳಿ ನೋಟಿಸು ಟೈಪ್ ಮಾಡಿಸಿದ್ದೇನೆ. ಸಹಿ ಹಾಕಲು ಕೈ ಬಾರದೆ ಅದು ಮೇಜಿನ ಡ್ರಾಯರಿನಲ್ಲಿಯೇ ಇದೆ.

ಮುಚ್ಚಿಡುವುದೇಕೆ, ನನ್ನ ಸ್ಥಿತಿಯೂ ಚೆನ್ನಾಗಿಲ್ಲ. ಎರಡು ವರ್ಷಗಳಿಂದ ಇಲ್ಲಿ ನಾನೊಬ್ಬನೇ ವೈದ್ಯ. ಈಚೆಗೆ ರೋಗಿಯ ಮುಖ ನೋಡದೆಯೇ ಚೀಟಿ ಬರೆದು ಮುಗಿಸುತ್ತಿದ್ದೇನೆ. ಯಾರಾದರೂ ಅತ್ತರೆ ಕನಿಕರಕ್ಕಿಂತ ಮೊದಲು ಬೇಸರ ಬರುತ್ತದೆ. ಆಕೆಯನ್ನು ಆ ಮಜರೆಯಿಂದ ಬಿಡಿಸಿ ಬೇರೆ ಕಡೆ ಹಾಕುವುದು ಸರಿಯೇ? ಆಪ್ತಸಮಾಲೋಚನೆಗೆ ಕಳುಹಿಸಬೇಕೇ? ತಿಳಿದವರು ದಯವಿಟ್ಟು ಹೇಳಿ.

ಮನೋಆರೋಗ್ಯ ವಿಭಾಗದಿಂದ

ಡಾಕ್ಟರರೇ, ನಾನು ಇನ್ನೊಂದು ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ದೂರದಿಂದ ರೋಗನಿರ್ಣಯ ಮಾಡಬಾರದೆಂಬ ಎಚ್ಚರದೊಂದಿಗೇ ಬರೆಯುತ್ತಿದ್ದೇನೆ.

ಇಂಥ ಪ್ರಸಂಗ ಬಂದಾಗಲೆಲ್ಲ “ಬರ್ನ್‌ಔಟ್” ಎಂಬ ಪದ ಎಲ್ಲರ ಬಾಯಲ್ಲೂ ಬರುತ್ತದೆ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ ಅದನ್ನು ಕಾಯಿಲೆ ಎಂದು ಕರೆಯುವುದಿಲ್ಲ. ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿ ಎನ್ನುತ್ತದೆ. ಶಕ್ತಿ ಬಸಿದುಹೋದಂತಾಗುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗಿ ಸಿನಿಕತನ ಬರುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು ಅದರ ಮೂರು ಮುಖಗಳು. ನೀವು ಬರೆದಿರುವ ಪ್ರಕಾರ ಆಕೆ ಉಳಿದ ಮಜರೆಗಳಲ್ಲಿ ಎಂದಿನಂತೆಯೇ ಕೆಲಸ ಮಾಡುತ್ತಿದ್ದರೆ, ತಪ್ಪಿಸಿಕೊಳ್ಳುತ್ತಿರುವುದು ಅದೊಂದೇ ಕಡೆಯಾದರೆ, ಅದು ಕೆಲಸದ ಬಗೆಗಿನ ಜಿಗುಪ್ಸೆ ಅಲ್ಲ. ದುಃಖ, ಅಪರಾಧಿ ಭಾವ, ಅವಮಾನದ ಭಯ ಮೂರೂ ಬೆರೆತದ್ದು. ಬರ್ನ್‌ಔಟಿನ ಲಕ್ಷಣಗಳು ನನಗೆ ಕಂಡದ್ದು ನಿಮ್ಮ ಪತ್ರದ ಕೊನೆಯ ಪ್ಯಾರಾದಲ್ಲಿ. ಒರಟಾಗಿ ಹೇಳಿದೆನೆಂದು ತಿಳಿಯಬೇಡಿ. ಆ ಪ್ಯಾರಾವನ್ನು ನೀವೇ ಇನ್ನೊಮ್ಮೆ ಓದಿಕೊಳ್ಳಿ.

ಆಕೆಯನ್ನು ಎಲ್ಲರ ಜೊತೆ ಕೂರಿಸಿ “ಆ ದಿನ ಏನಾಯಿತು, ಎಲ್ಲವನ್ನೂ ಹೇಳಿಬಿಡಿ” ಎಂದು ಒತ್ತಾಯಿಸುವ ಸಭೆ ಮಾತ್ರ ಬೇಡ. ಆಘಾತದ ಬಳಿಕ ಹಾಗೆ ಒಂದೇ ಬಾರಿಗೆ ಬಗೆದು ಹೊರತೆಗೆಯುವುದರಿಂದ ಉಪಯೋಗವಿಲ್ಲವೆಂದು, ಕೆಲವರಿಗೆ ಅದರಿಂದ ಕೆಡುಕೇ ಆಗಬಹುದೆಂದು ಅಧ್ಯಯನಗಳಿಂದ ತಿಳಿದುಬಂದಿದೆ; ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಶಿಫಾರಸು ಮಾಡುವುದಿಲ್ಲ. ಅವರು ಮಾತಾಡಿದರೆ ಕೇಳಿ, ಮಾತಾಡದಿದ್ದರೆ ಬಿಡಿ, ಊಟ ನಿದ್ದೆ ಹೇಗಿದೆ ಎಂದು ವಿಚಾರಿಸುತ್ತಿರಿ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮನಸ್ಸು ಕುಸಿದೇ ಇದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಒಮ್ಮೆ ಬಂದರೂ ಸಾಕು, ಆಗ ತಡಮಾಡದೆ ಚಿಕಿತ್ಸೆ ಬೇಕು.

ಚಿಕಿತ್ಸೆ ಎಲ್ಲಿ ಎಂಬುದೂ ಮುಖ್ಯವೇ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿನ ಸಾಲಿನಲ್ಲಿ ಆಶಾ ಕಾರ್ಯಕರ್ತೆ ನಿಂತರೆ, ಅವರು ಮನೆ ತಲುಪುವ ಮೊದಲೇ ಸುದ್ದಿ ಊರು ತಲುಪಿರುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ, ಸಂಖ್ಯೆ 14416, ಹಗಲು ರಾತ್ರಿ ಕನ್ನಡದಲ್ಲಿಯೇ ಸಿಗುತ್ತದೆ, ಶುಲ್ಕವಿಲ್ಲ. ನೀವೂ ಅದಕ್ಕೆ ಕರೆ ಮಾಡಬಹುದು, ವೈದ್ಯರಿಗೆ ನಿಷೇಧವೇನಿಲ್ಲ. ಸದ್ಯಕ್ಕೆ ಎರಡು ಮೂರು ತಿಂಗಳ ಮಟ್ಟಿಗೆ ಆಕೆಯನ್ನು ಆ ಮಜರೆಯಿಂದ ಬಿಡಿಸುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ.

ಗುಲಾಬಿ ಸೀರೆ

ನಾನು ಹದಿನೈದು ವರ್ಷ ಆಶಾ ಕಾರ್ಯಕರ್ತೆಯಾಗಿದ್ದು, ಈಗ ಆಶಾ ಕಾರ್ಯಕರ್ತೆಯರಿಗೆ ಮಾರ್ಗದರ್ಶನ ಮಾಡುವ ಸುಗಮಕಾರ್ತಿಯಾಗಿ ಕೆಲಸ ಮಾಡುತ್ತಿದ್ದೇನೆ. ಮೇಡಂ ಬರೆದ ಉಳಿದೆಲ್ಲ ಮಾತನ್ನು ಒಪ್ಪುತ್ತೇನೆ, ಕೊನೆಯ ಮಾತನ್ನು ಒಪ್ಪುವುದಿಲ್ಲ. ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಗುತ್ತದೆ, ನರ್ಸಿಗೂ ಆಗುತ್ತದೆ. ಆಶಾ ಎಂದರೆ ಆ ಊರಿನ ಸೊಸೆ. ಕೆಲಸ ಮುಗಿಸಿ ಗುಲಾಬಿ ಸೀರೆ ಬಿಚ್ಚಿಟ್ಟ ಮೇಲೂ ಅದೇ ಬಾವಿಗೆ, ಅದೇ ಸೊಸೈಟಿಗೆ, ಅದೇ ಮದುವೆಮನೆಗೆ ಹೋಗಬೇಕು. ಈಗ ಆಕೆಯನ್ನು ಆ ಮಜರೆಯಿಂದ ತೆಗೆದರೆ “ತಪ್ಪು ಮಾಡಿದ್ದಳು, ಅದಕ್ಕೇ ತೆಗೆದರು” ಎಂದು ಜನ ತೀರ್ಮಾನಿಸುತ್ತಾರೆ. ಆ ತೀರ್ಮಾನಕ್ಕೆ ಮೇಲ್ಮನವಿ ಇರುವುದಿಲ್ಲ.

2020ರ ಏಪ್ರಿಲ್‌ನಲ್ಲಿ ನನಗೆ ಆದದ್ದನ್ನು ಹೇಳುತ್ತೇನೆ. ಬೆಂಗಳೂರಿನಿಂದ ಬಂದವರ ಪಟ್ಟಿ ಮಾಡಿ ಬಾಗಿಲಿಗೆ ಚೀಟಿ ಅಂಟಿಸುವ ಕೆಲಸ ನನ್ನದಾಗಿತ್ತು. ಮೂರನೆಯ ದಿನಕ್ಕೆ ನಮ್ಮ ಮನೆಗೆ ಹಾಲು ಹಾಕುತ್ತಿದ್ದವರು ಪಾತ್ರೆಯನ್ನು ಗೇಟಿನ ಹೊರಗೆ ಇಡಲು ಹೇಳಿದರು. ನಾಲ್ಕನೆಯ ದಿನ ಹಾಲೇ ಬರಲಿಲ್ಲ. ಚಪ್ಪಾಳೆ ತಟ್ಟಿ ಹೊಗಳಿದ್ದೂ ಅದೇ ಹೊತ್ತಿನಲ್ಲಿ. ಮುಂದೆ 2022ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರಿಗೆಲ್ಲ ಪ್ರಶಸ್ತಿ ಕೊಟ್ಟಾಗ ನಾವು ಸಂತೋಷಪಟ್ಟದ್ದು ನಿಜ; ಆ ತಿಂಗಳ ಪ್ರೋತ್ಸಾಹಧನ ಇನ್ನೂ ಬಂದಿಲ್ಲವಲ್ಲ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡದ್ದೂ ನಿಜ.

ಮನಸ್ಸಿನ ಮಾತಾಡುವಾಗ ಹಣದ ಮಾತು ಏಕೆ ಎನ್ನಬೇಡಿ. ಹೆರಿಗೆ ಮಾಡಿಸಿದ್ದಕ್ಕೆ ಲೆಕ್ಕವಿದೆ, ಹುಟ್ಟಿದ ಮಗುವಿನ ಮನೆಭೇಟಿಗಳನ್ನೆಲ್ಲ ಪೂರೈಸಿದರೆ 250 ರೂಪಾಯಿ ಇದೆ, ಸಾವಾದ ಮನೆಯಲ್ಲಿ ಹೋಗಿ ಕುಳಿತದ್ದಕ್ಕೆ ನಮ್ಮ ಡೈರಿಯಲ್ಲಿ ಕಾಲಮ್ಮೇ ಇಲ್ಲ. ಪೋರ್ಟಲ್ಲಿಗೆ ಏರದ ಕೆಲಸ ಮಾಡಿದ ಕೆಲಸವೇ ಅಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾವು ಚಳಿಯಲ್ಲಿ ಹಗಲು ರಾತ್ರಿ ಕುಳಿತದ್ದು ಈ ಕಾರಣಕ್ಕೇ. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕ ಮೇಲೆಯೇ ಎದ್ದೆವು. ತಿಂಗಳ ಕೊನೆಗೆ ಕೈಗೆ ಎಷ್ಟು ಬರುತ್ತದೆಂದು ತಿಳಿಯದ ಹೆಣ್ಣುಮಗಳಿಗೆ ಒತ್ತಡ ನಿರ್ವಹಣೆಯ ತರಬೇತಿ ಕೊಟ್ಟರೆ ಅವಳು ನಕ್ಕು ಸಹಿ ಹಾಕಿ ಹೋಗುತ್ತಾಳೆ.

ಸುಳ್ಳು ಸಮೀಕ್ಷೆಯ ವಿಷಯ ಸಣ್ಣದಲ್ಲ, ಅದನ್ನು ನಾನು ಸಮರ್ಥಿಸುವುದಿಲ್ಲ. ಆ ನಾಲ್ಕು ವಾರಗಳಲ್ಲಿ ಇನ್ನೊಬ್ಬರಿಗೆ ಜ್ವರ ಬಂದಿದ್ದರೆ ಏನಾಗುತ್ತಿತ್ತು? ಇದನ್ನು ಆಕೆಗೆ ಮುಖಾಮುಖಿ ಹೇಳಿ, ನೋಟಿಸಿನಲ್ಲಿ ಬೇಡ. ಹೇಳಿದ ಮೇಲೆ ಆ ಮನೆಗೆ ಅವರ ಜೊತೆ ನೀವೇ ಹೋಗಿ. ಸಿಸ್ಟರನ್ನು ಕಳಿಸಿದರೆ ಆಗುವುದಿಲ್ಲ, ನೀವೇ ಹೋಗಬೇಕು.

ದರಕಿನ ಹೊರೆ

ನಾನು ವೈದ್ಯಕೀಯದವನಲ್ಲ, ಸಾಗರ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟ ಇರುವವನು. ಊರಿನವರ ಕಡೆಯ ಮಾತನ್ನೂ ಯಾರಾದರೂ ಹೇಳಬೇಕಲ್ಲ ಎಂದು ಬರೆಯುತ್ತಿದ್ದೇನೆ.

2019ರ ಆರಂಭದಲ್ಲಿ ಅರಳಗೋಡಿನ ಸುತ್ತಮುತ್ತ ಸಾವಿನ ಮೇಲೆ ಸಾವಾದಾಗ ನಮ್ಮ ಊರಿನವರು ಪಟ್ಟ ದಿಗಿಲು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಜ್ವರ ಬಂದವರನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದರು. ಫೋನು ಬಂದರೆ ಎತ್ತಲು ಕೈ ನಡುಗುತ್ತಿತ್ತು. ಅಂಥ ಹೊತ್ತಿನಲ್ಲಿ ಲಸಿಕೆ ಎಂಬುದು ನಮಗೆ ದೇವರ ಕುಂಕುಮದಂತೆ ಇತ್ತು. ಅದು ಏಕಾಏಕಿ ನಿಂತಾಗ, ಏಕೆ ನಿಂತಿತು ಎಂದು ನಮ್ಮೂರಿಗೆ ಬಂದು ಹೇಳಿದ ಅಧಿಕಾರಿ ಒಬ್ಬರೂ ಇರಲಿಲ್ಲ. ಕೋಪ ಇಲಾಖೆಯ ಮೇಲೆ, ಕೈಗೆ ಸಿಗುವವಳು ಆಶಾ. ನಾನೂ ನಮ್ಮೂರಿನ ಆಕೆಗೆ ಒಮ್ಮೆ ಖಾರವಾಗಿ ಅಂದಿದ್ದೇನೆ. ಅವಳು ನನ್ನ ತಂಗಿಯ ಜೊತೆ ಓದಿದವಳು. ಅಂದ ಮೇಲೆ ನಾಚಿಕೆಯಾಯಿತು, ಆದರೆ ಹೋಗಿ ಹೇಳಲಿಲ್ಲ.

ಉಣುಗು ಕಚ್ಚದಿರಲೆಂದು ಮೈಗೆ ಹಚ್ಚಿಕೊಳ್ಳಲು ಕೊಡುವ ಡೆಪಾ ತೈಲದ ಬಗ್ಗೆಯೂ ನಿಜ ಹೇಳುತ್ತೇನೆ. ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಮೂರು ಬಾಟಲಿಗಳು ಸೀಲು ಒಡೆಯದೆ ಧೂಳು ಹಿಡಿದು ಕುಳಿತಿವೆ. ಹಚ್ಚಿಕೊಂಡರೆ ಬೆವರಿಗೆ ಅಂಟಂಟಾಗುತ್ತದೆ, ದರಕಿನ ಕಸವೆಲ್ಲ ಮೈಗೆ ಮೆತ್ತಿಕೊಳ್ಳುತ್ತದೆ, ಹೊರೆ ಹೊತ್ತಾಗ ಕೈ ಜಾರುತ್ತದೆ. ಕಾಡಿಗೆ ಹೋಗಬೇಡಿ ಎಂದರೂ ಬಿಸಿಲುಗಾಲದಲ್ಲಿ ದರಕು ತಾರದಿದ್ದರೆ ಮಳೆಗಾಲದಲ್ಲಿ ಕೊಟ್ಟಿಗೆಗೆ ಏನು ಹಾಕುವುದು, ಮುಂದಿನ ವರ್ಷ ತೋಟಕ್ಕೆ ಗೊಬ್ಬರ ಎಲ್ಲಿಂದ ಬರುವುದು? ಇದನ್ನೆಲ್ಲ ಆಶಾ ಮೇಲಕ್ಕೆ ಹೇಳಿದರೆ “ಜನರ ಮನವೊಲಿಸಿ” ಎಂಬ ಉತ್ತರ ಬರುತ್ತದೆ. ಮನವೊಲಿಯದೆ ಒಬ್ಬ ಸತ್ತರೆ ಅದೂ ಅವಳ ಲೆಕ್ಕಕ್ಕೆ.

ನಮ್ಮಲ್ಲಿ ಸ್ವಲ್ಪ ತಿಳಿಯಾದದ್ದು ಹೇಗೆಂದರೆ, ಹೊಸದಾಗಿ ಬಂದ ಡಾಕ್ಟರೊಬ್ಬರು ಗ್ರಾಮಸಭೆಗೆ ಬಂದು, ಹಳೆಯ ಲಸಿಕೆ ಏಕೆ ನಿಂತಿತು, ಹೊಸದನ್ನು ತಯಾರಿಸುವ ಕೆಲಸ ನಡೆದಿದೆ, ಅಲ್ಲಿಯವರೆಗೆ ಇಷ್ಟೇ ನಮ್ಮ ಕೈಯಲ್ಲಿರುವುದು ಎಂದು ಸುತ್ತುಬಳಸದೆ ಹೇಳಿದರು. “ಇದನ್ನು ಮೊದಲೇ ಬಂದು ಹೇಳಬೇಕಿತ್ತು, ಹೇಳದೆ ಇದ್ದದ್ದು ನಮ್ಮ ತಪ್ಪು, ಈ ಅಕ್ಕನದಲ್ಲ” ಎಂದೂ ಅಂದರು. ಒಂದಿಬ್ಬರು ಕೂಗಾಡಿದರು, ಅವರೂ ಕೇಳಿಸಿಕೊಂಡರು. ಅಲ್ಲಿಂದ ಮುಂದೆ ಆಶಾ ಬಾಗಿಲಿಗೆ ಬಂದರೆ ಜನ ಅವಳನ್ನು ಅವಳೆಂದೇ ನೋಡಿದರು, ಇಲಾಖೆ ಎಂದು ನೋಡಲಿಲ್ಲ.

ಘಟ್ಟದ ಡಾಕ್ಟರ್

ಹತ್ತು ದಿನಗಳ ಬಳಿಕ ಬರೆಯುತ್ತಿದ್ದೇನೆ. ತಡಕ್ಕೆ ಕ್ಷಮೆ ಇರಲಿ. ನೋಟಿಸನ್ನು ಹರಿದು ಹಾಕಿದ್ದೇನೆ. ನಾನು ಮತ್ತು ಆರೋಗ್ಯ ನಿರೀಕ್ಷಕರು ಎರಡು ದಿನ ನಡೆದು ಆ ಮಜರೆಯ 31 ಮನೆಗಳ ಸಮೀಕ್ಷೆಯನ್ನು ಮತ್ತೆ ಮಾಡಿದೆವು. ಪುಣ್ಯಕ್ಕೆ ಹೊಸ ಜ್ವರ ಯಾರಿಗೂ ಇರಲಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಏರು, ಎಷ್ಟು ಹಳ್ಳ ಎಂಬುದು ಎರಡು ವರ್ಷಗಳಲ್ಲಿ ಮೊದಲ ಬಾರಿ ನನ್ನ ಕಾಲಿಗೆ ತಿಳಿಯಿತು.

ಆಶಾ ಕಾರ್ಯಕರ್ತೆಯ ಜೊತೆ ಮಾತಾಡಿದೆ. ಬೇರೆ ಕಡೆ ಹಾಕಲೇ ಎಂದಾಗ “ಬೇಡ ಸರ್, ಆಮೇಲೆ ನಾನು ಈ ಊರಲ್ಲಿ ಇರೋದು ಹೇಗೆ” ಎಂದರು. ಗುಲಾಬಿ ಸೀರೆಯವರು ಬರೆದದ್ದೇ ಸರಿಯಾಗಿತ್ತು. 14416ಕ್ಕೆ ಎರಡು ಸಲ ಕರೆ ಮಾಡಿದ್ದಾರೆ. ಮನೆಯಲ್ಲಿ ಸಿಗ್ನಲ್ ಇಲ್ಲದ ಕಾರಣ ಗುಡ್ಡದ ಮೇಲಿನ ಬಸ್ ತಂಗುದಾಣಕ್ಕೆ ಹೋಗಿ ಮಾತಾಡಿದರಂತೆ. ನಿದ್ದೆ ತುಸು ಸುಧಾರಿಸಿದೆ. ನಾನಿನ್ನೂ ಕರೆ ಮಾಡಿಲ್ಲ, ಆದರೆ ನಾಲ್ಕು ದಿನದ ರಜೆಗೆ ಅರ್ಜಿ ಹಾಕಿದ್ದೇನೆ.

ಆ ಮನೆಗೆ ಇಬ್ಬರೂ ಹೋಗಿದ್ದೆವು. ತೀರಿಕೊಂಡವರ ಪತ್ನಿ ಒಳಗಿನಿಂದ ಹೊರಗೆ ಬರಲಿಲ್ಲ. ಅತ್ತೆ ಮಜ್ಜಿಗೆ ತಂದುಕೊಟ್ಟು, ನನ್ನ ಕಡೆ ನೋಡದೆ ಆಕೆಗೆ ಮಾತ್ರ “ನೀನು ತೋಟದ ಹಿಂದಿನಿಂದ ಹೋಗೋದು ನಮಗೂ ಕಾಣಿಸ್ತದೆ” ಎಂದರು. ಅದು ಆಕ್ಷೇಪಣೆಯೋ ಕರೆಯೋ ನನಗೆ ತಿಳಿಯಲಿಲ್ಲ. ಆಕೆಗೆ ತಿಳಿದಿರಬೇಕು, ಏಕೆಂದರೆ ಮರುದಿನ ಒಬ್ಬರೇ ಹೋಗಿಬಂದರು. ಮುಂದಿನ ಗ್ರಾಮಸಭೆಯಲ್ಲಿ ಲಸಿಕೆಯ ವಿಷಯವನ್ನು ನಾನೇ ಹೇಳುವುದೆಂದು ಪಂಚಾಯಿತಿಗೆ ಪತ್ರ ಕೊಟ್ಟಾಗಿದೆ.

ದರಕಿನ ಹೊರೆಯವರಲ್ಲಿ ಒಂದು ಕೇಳಿಕೆ: ತೈಲವನ್ನು ಕೈಗೆ ಬಿಟ್ಟು ಕಾಲಿಗೂ ಕುತ್ತಿಗೆಗೂ ಮಾತ್ರ ಹಚ್ಚಿ, ಉದ್ದ ತೋಳಿನ ಅಂಗಿ ತೊಟ್ಟು ಹೋಗಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕುವುದಾದರೆ ನಿಮ್ಮಲ್ಲಿ ಜನ ಒಪ್ಪಿಯಾರೇ? ಸಭೆಗೆ ಮೊದಲು ತಿಳಿಸಿದರೆ ಉಪಕಾರವಾಗುತ್ತದೆ.